ಅಮಾವಾಸ್ಯೆಗೆ ರಜೆ ಹಾಕುವ ಮಿಷಿನ್

ಜೂನ್ 17, 2025, ಮಂಗಳವಾರ. ಬೆಳಗ್ಗೆ 7.10

ಕೆಲಸ ಸಿಕ್ಕಿತು, ನನಗೆ ಕೆಲಸ ಸಿಕ್ಕಿತು, ಅದೂ ನಮ್ಮವರ ಆಫೀಸಿನಲ್ಲೇ!!! ಮೇಲ್ ಓದುತ್ತಾ ನಿಂತು ಹಾಲು ಉಕ್ಕಿಸಿಬಿಟ್ಟೆ. ಅತ್ತೆ ಬೈಯಲಿಲ್ಲ, ಉಕ್ಕಿದರೆ ಒಳ್ಳೆಯದೇ ಎಂದರು. ಎಂಥ ಅತ್ತೆ! ಮದುವೆಯಾಗಿ ಇವತ್ತಿಗೆ ಒಂಬತ್ತು ದಿನ. ಕೈಯ ಮದರಂಗಿ ಇನ್ನೂ ಕೆಂಪಗಿದೆ. ಇನ್ನು ಮುರುಗೇಶ್ ಸ್ಕೂಟರಿನ ಹಿಂದೆ ಕೂತು ದಿನಾ ಆಫೀಸಿಗೆ... ಅಯ್ಯೋ, ನಾಚಿಕೆ, ಸಂತೋಷ, ಎಲ್ಲ ಒಟ್ಟಿಗೆ.

ಹುದ್ದೆ: ಸ್ಟೋರಿ ಲೀಡ್. ನಮ್ಮ ಫೌಂಡರ್ ಕೃಷ್ಣಪ್ರಸಾದ್ ಸರ್ — ಎಲ್ಲರಿಗೂ ಕೆಪಿ — ಅವರ ಭಾಷಣ, ಪೋಸ್ಟ್, ಲೇಖನ ಎಲ್ಲ ಇಂಗ್ಲಿಷಿನಲ್ಲಿ ಬರೆಯುವವಳು ನಾನು. ಕಂಪನಿಯ ಹೆಸರು ಕಣ್ಣಿಳೈ, ತಮಿಳಿನಲ್ಲಿ ಕಣ್ಣು ಮತ್ತು ಎಳೆ; ಶುರುವಾಗಿ ಮೂರು ವರ್ಷ. ಪವರ್‌ಲೂಮ್ ಮೇಲೆ ಒಂದು ಸಣ್ಣ ಕ್ಯಾಮೆರಾ ಡಬ್ಬಿ ಕೂರಿಸುತ್ತಾರೆ. ಎಳೆ ಕಡಿದ ಹತ್ತೇ ಸೆಕೆಂಡಿನಲ್ಲಿ ಎಐ ಅದನ್ನು ಕಂಡು ಮಗ್ಗ ನಿಲ್ಲಿಸುತ್ತದೆ. ನೂರಿಪ್ಪತ್ತಾರು ಮಗ್ಗಗಳಲ್ಲಿ ಆಗಲೇ ಓಡುತ್ತಿದೆ. ಎಲ್ಲ ನಮ್ಮ ಸೇಲಂನಿಂದ!

ಇದನ್ನು ಕನ್ನಡದಲ್ಲಿ ಬರೆಯುವುದೇಕೆಂದರೆ ಈ ಮನೆಯಲ್ಲಿ ಎಲ್ಲರೂ ಕನ್ನಡ ಆಡುತ್ತಾರೆ, ಒಬ್ಬರಿಗೂ ಓದಲು ಬರುವುದಿಲ್ಲ. ತಾತ ಹಟ ಹಿಡಿದು ಕಲಿಸಿದ ಅಕ್ಷರ ಈಗ ನನ್ನ ಬೀರುವಿನ ಬೀಗ.

ಜೂನ್ 18, ಬುಧವಾರ

ಮೊದಲ ದಿನ. ಮೀಟಿಂಗ್ ರೂಮಿನ ಮೇಜು ಒಂದು ಹಳೆಯ ಕೈಮಗ್ಗ! ಮರಕ್ಕೆ ಪಾಲಿಶ್, ಮೇಲೆ ಗಾಜು. ಫೋಟೋ ತೆಗೆದುಕೊಂಡೆ. ಆಮೇಲೆ ಕೆಪಿ ಬಂದರು, ಕೂತರು, ಬೂಟುಗಾಲು ಎರಡನ್ನೂ ಮಗ್ಗದ ಮರದ ಮೇಲಿಟ್ಟರು. ಮಗ್ಗ ತುಳಿಯುವುದೇ ಕಾಲಲ್ಲಿ, ನಿಜ. ಆದರೆ ಬರಿಗಾಲಲ್ಲಿ.

ಮಾತು ಮಾತ್ರ ಅದ್ಭುತ. "ಭುವನಾ, ಲೀಡರ್ ಅಂದರೆ ಯಾರು? ಬೇರೆಯವರಿಗೆ ಕಾಣದ್ದನ್ನ ಕಾಣೋನು. ಟೆಕ್ನಾಲಜಿ ಯಾರು ಬೇಕಾದರೂ ಮಾಡ್ತಾರೆ. ವಿಷನ್ ಒಬ್ಬನಿಗೇ ಇರೋದು." ಪುಸ್ತಕದಲ್ಲಿ ಬರೆದು ಅಡಿಗೆರೆ ಎಳೆದೆ. ಮೊದಲ ಲೇಖನದ ವಿಷಯವೂ ಅದೇ: ಒಂದು ಟೆಕ್ ಕಂಪನಿ ಗೆಲ್ಲುವುದರಲ್ಲಿ ದಾರ್ಶನಿಕ ನಾಯಕನ ಪಾತ್ರ. ಹೆಸರು ಅವರದು, ಬರಹ ನನ್ನದು. ತಾವು ಮೊದಲೇ ಏನನ್ನೂ ಓದುವುದಿಲ್ಲವಂತೆ. ಭಾಷಣವನ್ನೂ ವೇದಿಕೆಯ ಮೇಲೆ ಪ್ರಾಂಪ್ಟರ್ ನೋಡಿ ಮೊದಲ ಸಲ ಓದುವುದಂತೆ. "ಆಗಲೇ ಮನಸ್ಸಿಂದ ಬಂದ ಹಾಗಿರುತ್ತೆ."

ಮೇಜಿನ ಮೇಲೆ ನೇಯ್ಗೆಯ ಒಂದು ಲಾಳಿ. ನೂಲಿನ ಕಂಡಿಕೆ ಇರಬೇಕಾದ ಹೊಟ್ಟೆಯಲ್ಲಿ ಹಲ್ಲುಕಡ್ಡಿಗಳು. ಮಾತಾಡುತ್ತಲೇ ಒಂದನ್ನು ತೆಗೆದು, ಹಿಂದಿನ ಹಲ್ಲಿನಿಂದ ಏನೋ ಕಿತ್ತು, ಅದನ್ನೊಮ್ಮೆ ನೋಡಿ, ಕಡ್ಡಿಯನ್ನು ವಾಪಸ್ ಅಲ್ಲೇ ಇಟ್ಟರು. ವಾಪಸ್! ಮಿಕ್ಕ ಕಡ್ಡಿಗಳ ಜೊತೆ!

ಛೀ... ದೊಡ್ಡವರ ಸಣ್ಣ ಅಭ್ಯಾಸ. ಮರೆತುಬಿಡು ಭುವನಾ.

ಜೂನ್ 22, ಭಾನುವಾರ. ಪಾಪಿರೆಡ್ಡಿಪಟ್ಟಿಯಿಂದ ಬಂದ ಮೇಲೆ

ಮದುಮಕ್ಕಳಿಗೆ ವಿರುಂದು, ಅಂದರೆ ಔತಣ. ಹೊಟ್ಟೆ ಇನ್ನೂ ಇಳಿದಿಲ್ಲ. ಕರೆದದ್ದು ದೊಡ್ಡತ್ತೆ — ಅತ್ತೆಯ ಅಕ್ಕ ಮಾದಮ್ಮ. ಮೂವತ್ತು ವರ್ಷ ರೇಷ್ಮೆ ನೇಯ್ದವರು. ಬಾಗಿಲಲ್ಲೇ ನನ್ನ ಸೆರಗು ಹಿಡಿದು ಹೆಬ್ಬೆರಳಿನಿಂದ ಸವರಿದರು.

"ಇದ್ ಯಾರಮ್ಮ ನೇಯ್ದಿದ್ದು?"

"ಅಂಗಡಿದು ದೊಡ್ಡತ್ತೆ."

"ಅಂಗಡಿ ನೇಯ್ತದಾ? ಇಲ್ ನೋಡು, ಒಂದೆಳೆ ಓಗೈತೆ. ಇಲ್ಲಿ ಓದದ್ದು ಒಂದು ಮೊಳ ಆದ್ಮೇಲ್ ಸೇರೈತೆ. ನೇಯ್ದೋನು ನಡುವ್ನಲ್ಲಿ ಕಾಪಿ ಕುಡಿಯಾಕ್ ಓಗವ್ನೆ."

ನನಗೆ ಏನೂ ಕಾಣಲಿಲ್ಲ. ಮೊಬೈಲಿನ ಟಾರ್ಚ್ ಹಾಕಿ ನೋಡಿದೆ. ಕೂದಲಿನಷ್ಟು ಗೆರೆ. ಸರಿಯಾಗಿ ಒಂದು ಮೊಳ!

ದೊಡ್ಡತ್ತೆ ಈಗ ನೇಯುವುದಿಲ್ಲ. ಹರೂರಿನಲ್ಲಿ "ಕಂಪ್ಯೂಟ್ರಾಪೀಸು". "ನಿನ್ ಗಂಡನೇ ಸೇರ್ಸಿದ್ದು. ದಿನಾ ಟೀವಿನಲ್ಲಿ ಮಗ್ಗ ನೋಡೋ ಕೆಲ್ಸ. ಎಳೆ ಕಡಿದ್ರೆ ಬಟನ್ ಒತ್ತೋದು." ಮುರುಗೇಶ್ ಪಾಯಸ ಬಡಿಸಿಕೊಳ್ಳುತ್ತಾ, "ಟ್ರೈನಿಂಗ್ ಡೇಟಾ ಭುವಿ, ಎಐಗೆ ಪಾಠ" ಎಂದರು. ಎಐಗೆ ಟೀಚರ್ ನಮ್ಮ ದೊಡ್ಡತ್ತೆ! ಹೌ ಕ್ಯೂಟ್!

"ಆ ಡಬ್ಬಿ ಒಂದ್ಸಲ ಕಣ್ಣಾರ ನೋಡ್ಬೇಕು ಮುರುಗೇಸಾ" ಎಂದರು ದೊಡ್ಡತ್ತೆ. ಇವರು ಕೇಳಿಸದವರಂತೆ ಪಾಯಸ ಕುಡಿದರು.

ಜೂನ್ 24, ಮಂಗಳವಾರ

ನನ್ನ ಸಾಲು ಹೋರ್ಡಿಂಗ್ ಆಗುತ್ತಿದೆ!!! ನಾನು ಬರೆದದ್ದು ಮೂರೇ ಪದ: ಝೀರೋ ಹ್ಯೂಮನ್ ಐಸ್. ಮನುಷ್ಯರ ಕಣ್ಣು ಒಂದೂ ಇಲ್ಲ. ಕೆಪಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸೇಲಂನ ಐದು ರಸ್ತೆ ಸರ್ಕಲ್‌ನಲ್ಲಿ ಅಷ್ಟೆತ್ತರಕ್ಕೆ ಹಾಕುತ್ತಾರಂತೆ. ಮುರುಗೇಶ್ ಮಾತ್ರ "ಚೆನ್ನಾಗೈತೆ" ಎಂದು ಹೆಲ್ಮೆಟ್ ಹಾಕಿಕೊಂಡರು. ಹೊಟ್ಟೆಕಿಚ್ಚಾ?

ಜುಲೈ 1, ಮಂಗಳವಾರ

ಲೇಖನಕ್ಕೆ ಗ್ರಾಫ್ ಬೇಕಾಗಿತ್ತು. ದಿನವಾರು ಶೀಟ್ ತೆರೆದೆ. ನಮ್ಮ ಎಐ ನೂರರಲ್ಲಿ ತೊಂಬತ್ತಾರು ತಪ್ಪು ಹಿಡಿಯುತ್ತದೆ. ಆದರೆ ತಿಂಗಳಿಗೊಂದು ದಿನ ಗೆರೆ ಬಾವಿಗೆ ಬಿದ್ದ ಹಾಗೆ ಕೆಳಗೆ. ಮಾರ್ಚ್ 29. ಏಪ್ರಿಲ್ 27. ಮೇ 26. ಜೂನ್ 25. ಮಾರನೆಯ ದಿನ ಮತ್ತೆ ಮೇಲೆ.

ಕೆಪಿಗೆ ತೋರಿಸಿದೆ. ಒಂದು ನಿಮಿಷವೂ ಯೋಚಿಸಲಿಲ್ಲ. "ಹ್ಯುಮಿಡಿಟಿ. ನಮ್ಮ ಎಐ ಪ್ರಕೃತಿಯ ಜೊತೆ ಉಸಿರಾಡುತ್ತೆ. ಅದನ್ನೇ ಬರಿ, ಬ್ಯೂಟಿಫುಲ್ ಆಗಿರುತ್ತೆ." ಜೊತೆಗೆ ಅವರ ತಾತ ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತು ಗಾಳಿಯ ವಾಸನೆ ನೋಡುತ್ತಿದ್ದ ಕಥೆ.

ಬರೆದೆ. ಬ್ಯೂಟಿಫುಲ್ ಆಗಿಯೇ ಬಂತು. ಸಂಜೆ ಓದಿ ಹೇಳಿದಾಗ ಅತ್ತೆ ನಕ್ಕರು. "ಅವ್ರ ತಾತ ನೇಯ್ದೋನಲ್ಲಮ್ಮ, ನೂಲು ಮಾರಿದೋನು. ಒದ್ದೆ ನೂಲು ತೂಕಕ್ ಆಕ್ತಿದ್ದ ಅಂತ ನಮ್ಮಪ್ಪ ದಿನಾ ಶಾಪ ಆಕ್ತಿದ್ರು."

ಜುಲೈ 2, ಬುಧವಾರ. ಬೆಳಗ್ಗೆ

ಅಡುಗೆಮನೆ ಬಾಗಿಲ ಹಿಂದಿನ ಕ್ಯಾಲೆಂಡರ್. ಗ್ಯಾಸ್ ಬುಕ್ ಮಾಡಿದ ದಿನ ನೋಡಲು ಹಿಂದಿನ ಹಾಳೆ ತಿರುಗಿಸಿದೆ. ಜೂನ್ 25ರ ಮೇಲೆ ಕಪ್ಪು ಚುಕ್ಕೆ. ಇನ್ನೊಂದು ಹಾಳೆ. ಮೇ 26, ಕಪ್ಪು ಚುಕ್ಕೆ. ಏಪ್ರಿಲ್ 27...

"ಅತ್ತೆ, ಈ ದಿನ ಏನು?"

"ಅಮಾವಾಸ್ಯೆ ಕಣಮ್ಮ. ನೂಲು ಮುಟ್ಟೋ ದಿನ ಅಲ್ಲ. ನಿಮ್ ಮನೆನಲ್ಲೂ ಮಗ್ಗಕ್ಕೆ ರಜೆ ಬಿಡ್ತಿರ್ಲಿಲ್ವಾ? ನಮ್ ಅಕ್ಕ ಅಂತೂ ಆ ಹರೂರು ಆಪೀಸ್‌ಗೂ ಅವತ್ ಓಗಾಕಿಲ್ಲ. ಅವಳ್ ಜೊತೆ ಇರೋ ನೇಯ್ಗೆ ಮನೆ ಎಂಗಸ್ರು ಒಬ್ರೂ ಓಗಾಕಿಲ್ಲ."

ದೊಡ್ಡ ಶೆಡ್ಡುಗಳಲ್ಲಿ ಪವರ್‌ಲೂಮ್ ಅವತ್ತೂ ಓಡುತ್ತದೆ. ಎಳೆ ಅವತ್ತೂ ಕಡಿಯುತ್ತದೆ.

ಮಿಷಿನ್‌ಗೆ ಯಾವ ಅಮಾವಾಸ್ಯೆ?

ದೋಸೆ ಸೀದುಹೋಯಿತು. ಬಾಯಿಯಲ್ಲಿ ಈಗಲೂ ಅದೇ ಕಹಿ.

ಜುಲೈ 3, ಗುರುವಾರ

ಐದು ರಸ್ತೆಯಲ್ಲಿ ಸ್ಕೂಟರ್ ನಿಲ್ಲಿಸಿ ಎಂದೆ. ಸರಿಯಾಗಿ ನನ್ನ ಹೋರ್ಡಿಂಗ್ ಕೆಳಗೆ. ಕೆಪಿ ಕೈಕಟ್ಟಿ ಆಕಾಶ ನೋಡುತ್ತಿದ್ದಾರೆ, ಪಕ್ಕದಲ್ಲಿ ನನ್ನ ಮೂರು ಪದ.

"ಏನ್ರೀ, ಹರೂರಿನಲ್ಲಿ ಏನು ನಡೀತಿದೆ?"

"ಟ್ರೈನಿಂಗೇ ಭುವಿ. ಮೊದ್ಲು ಅವ್ರು ನೋಡ್ತಾರೆ, ನೋಡ್ತಾ ನೋಡ್ತಾ ಮಿಷಿನ್ ಕಲೀತೈತೆ. ಎಲ್ಲಾ ಕಂಪನಿಲೂ ಇಂಗೇ."

"ಮೂರು ವರ್ಷದಲ್ಲಿ ಎಷ್ಟು ಕಲಿತಿದೆ?"

ಹೆಲ್ಮೆಟ್‌ನ ಬಕಲ್ ಬಿಚ್ಚಿದರು, ಹಾಕಿದರು.

"ನೂರಕ್ಕೆ ಮೂವತ್ತು."

"ಮಿಕ್ಕಿದ್ದು?"

"ದೊಡ್ಡಮ್ಮ. ಮತ್ತೆ ಅವ್ರ ಜೊತೆಯವ್ರು."

ಆ ರೂಮು ಮಾಡಿದ್ದೇ ಇವರಂತೆ. ಬಾಡಿಗೆ ಹಿಡಿದದ್ದು, ಕೇಬಲ್ ಎಳೆಸಿದ್ದು, ದೊಡ್ಡತ್ತೆಯನ್ನು ಕೂರಿಸಿದ್ದು. ಗೊತ್ತಿದ್ದೂ ನನ್ನ ಸಾಲು "ಚೆನ್ನಾಗೈತೆ" ಎಂದದ್ದು!

"ಮೊದಲೇ ಹೇಳಬಾರದಾಗಿತ್ತಾ?"

"ಮದ್ವೆಯಾಗಿ ಒಂಬತ್ ದಿನ ಆಗಿತ್ತು. ನೀನು ಅಷ್ಟು ಕುಣೀತಿದ್ದೆ..."

ಬಸ್ಸಿನಲ್ಲಿ ಹೋದೆ. ಕೈಯನ್ನು ಎರಡು ಸಲ ಸೋಪು ಹಾಕಿ ತೊಳೆದೆ. ಯಾಕೋ ಗೊತ್ತಿಲ್ಲ, ಸ್ಕೂಟರಿನಲ್ಲಿ ಅವರ ಸೊಂಟ ಹಿಡಿದಿದ್ದ ಕೈ.

ಜುಲೈ 11, ಶುಕ್ರವಾರ. ಹರೂರಿನಿಂದ ವಾಪಸ್

ಎಂಟು ದಿನ ಬರೆಯಲಿಲ್ಲ. ಬರೆಯುವುದೆಂದರೇ ವಾಕರಿಕೆ. ಇವತ್ತು ಆಫೀಸಿಗೆ ಹೊಟ್ಟೆನೋವು ಎಂದು ಹೇಳಿ ಹರೂರು ಬಸ್ ಹತ್ತಿದೆ.

ಗೊಬ್ಬರದ ಅಂಗಡಿಯ ಮೇಲಿನ ಮಹಡಿ. ಮೆಟ್ಟಿಲು ತುಂಬ ಯೂರಿಯಾ ವಾಸನೆ. ಕಿಟಕಿಗಳಿಗೆ ಹಳೆಯ ದಿನಪತ್ರಿಕೆ ಅಂಟಿಸಿದ್ದಾರೆ, ಬೆಳಕು ಬಿದ್ದರೆ ಎಳೆ ಕಾಣುವುದಿಲ್ಲವಂತೆ. ಒಂದೇ ಫ್ಯಾನು. ಹದಿನಾಲ್ಕು ಹೆಂಗಸರು, ಒಬ್ಬೊಬ್ಬರ ಮುಂದೆ ಒಂಬತ್ತು ಮಗ್ಗ, ಚೌಕ ಚೌಕವಾಗಿ. ಯಾರೂ ಮಾತಾಡುವುದಿಲ್ಲ. ಅರ್ಧ ಜನ ನೇಯ್ಗೆ ಮನೆಯವರು, ಇನ್ನರ್ಧ ಹೊಲದ ಕೆಲಸ ಬಿಟ್ಟು ಬಂದವರು. ಅವರಿಗೆಲ್ಲ ಎಳೆ ನೋಡುವುದನ್ನು ಕಲಿಸಿದ್ದು ದೊಡ್ಡತ್ತೆ. ಅವರ ಮಡಿಲಲ್ಲಿ ಒಂದು ಒದ್ದೆ ಬಟ್ಟೆ. ಆಗಾಗ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಒಂದು ಕಣ್ಣಿಗೆ. ಇನ್ನೊಂದು ತೆರೆದೇ ಇರುತ್ತದೆ.

"ಬಾಮ್ಮ, ಕೂತ್ಕೋ. ತಿರುಗಿ ನೋಡಾಕಾಗಲ್ಲ, ಬೇಜಾರ್ ಮಾಡ್ಕಬೇಡ." ಮುಖ ಪರದೆಯ ಕಡೆಗೇ. ಬೆರಳು ಆರನೇ ನಂಬರ್ ಒತ್ತಿತು. ಆರನೆಯ ಚೌಕದಲ್ಲಿ ಮಗ್ಗ ನಿಂತಿತು. ನನಗೆ ಏನೂ ಕಂಡಿರಲಿಲ್ಲ. ಆ ಮಗ್ಗದವನ ಫೋನಿಗೆ ಈಗ ಮೆಸೇಜು ಹೋಗಿರುತ್ತದೆ — 'ಕಣ್ಣಿಳೈ ಎಐ ಪತ್ತೆಹಚ್ಚಿದೆ.' ಆ ಮೆಸೇಜಿನ ಹೊಸ ಇಂಗ್ಲಿಷೂ ನನ್ನದೇ.

ಟೀ ಹೊತ್ತಿಗೆ ಹತ್ತು ನಿಮಿಷ ಬಿಡುವು. ಪಕ್ಕದ ಸೀಟಿನ ಸತ್ಯಾ ಫೋನ್ ತೆಗೆದಳು. ಹೋರ್ಡಿಂಗ್ ಫೋಟೋ ಅವರ ಗ್ರೂಪಿಗೂ ಬಂದಿತ್ತು. ದೊಡ್ಡತ್ತೆ ಮುಖ ಅರಳಿತು.

"ಇದ್ ಬರ್ದಿದ್ದು ನಮ್ ಸೊಸೆನೇ ಕಣ್ರೇ! ಇಂಗ್ಲೀಸು! ಇಷ್ಟೆತ್ತರಕ್ ಆಕವ್ರೆ!"

"ಅಪ್ಪಡಿಯಾ! ಪಟ್ಟು ಸೀರೆ ಉಟ್ಕೊಂಡ್ ಬಂದ್ ತೋರ್ಸ್‌ಬೇಕಿತ್ತು" ಎಂದು ಸತ್ಯಾ ಕೆಣಕಿದಳು. ಎಲ್ಲ ನಕ್ಕರು. ಹದಿನಾಲ್ಕೂ ಜನ ನನ್ನ ಸುತ್ತ. ಒಬ್ಬರು ತಮ್ಮ ಬಿಸ್ಕತ್ತು ನನ್ನ ಕೈಗಿಟ್ಟರು.

"ಓದ್ ಏಳಮ್ಮ, ಏನಂತ ಬರ್ದಿದ್ದೀಯ?"

ಸುಳ್ಳು ಹೇಳಬಹುದಿತ್ತು. ಅದೇ ನನ್ನ ಕೆಲಸ ತಾನೆ. ಬಿಸ್ಕತ್ತು ಕೈಯಲ್ಲಿತ್ತು... ಹೇಳಲಾಗಲಿಲ್ಲ.

"ಮನುಷ್ಯರ ಕಣ್ಣು ಒಂದೂ ಇಲ್ಲ, ಅಂತ."

ಸತ್ಯಾ ಫೋನ್ ಆರಿಸಿದಳು. ದೊಡ್ಡತ್ತೆ ಒದ್ದೆ ಬಟ್ಟೆಯನ್ನು ಮಡಿಸಿದರು, ಇನ್ನೊಮ್ಮೆ ಮಡಿಸಿದರು.

"ಅಂಗಾರೆ ನಾವ್ ಯಾರಮ್ಮ?"

ಬೆಲ್ ಹೊಡೆಯಿತು. ಎಲ್ಲರೂ ಹೋಗಿ ಕೂತರು.

ತೊಪ್ಪೂರಿನ ಘಾಟಿಯ ತಿರುವುಗಳು ಈ ದಾರಿಯಲ್ಲಿಲ್ಲ. ಆದರೂ ಬಸ್ಸಿನಲ್ಲಿ ಎರಡು ಸಲ ವಾಂತಿ ಮಾಡಿದೆ. ಬಸುರಿಯಿರಬೇಕು ಎಂದು ಪಕ್ಕದ ಸೀಟಿನ ಹೆಂಗಸು ನಗುತ್ತಾ ನಿಂಬೆಹಣ್ಣು ಕೊಟ್ಟಳು. ಅಲ್ಲಮ್ಮ. ಮೂರು ಪದ.

ಜುಲೈ 15, ಮಂಗಳವಾರ

ಮೀಟಿಂಗ್. ಸಿಂಗಪುರದ ಹೂಡಿಕೆದಾರರು ಬರುತ್ತಾರೆ. ಡೆಮೊ 24ಕ್ಕೆ, ಗುರುವಾರ, ಹೋಟೆಲ್ ಹಾಲ್. ವೇದಿಕೆ ಮೇಲೆ ರೇಷ್ಮೆ ಮಗ್ಗ ಓಡಿಸಿ, ಎಲ್ಲರ ಎದುರು ಎಳೆ ಕತ್ತರಿಸಿ ತೋರಿಸುವುದು. ದಿನ ಆರಿಸಿದ್ದು ಅವರ ಫ್ಲೈಟ್ ನೋಡಿ. ಕ್ಯಾಲೆಂಡರ್ ನೋಡಿದವರು ನಾವಿಬ್ಬರೇ, ನಾನು ಮತ್ತು ಮುರುಗೇಶ್. ಅವತ್ತು ಆಡಿ ತಿಂಗಳ ಅಮಾವಾಸ್ಯೆ.

ರೇಷ್ಮೆಯ ಎಳೆ ಹಿಡಿಯುವುದು ಮಾದಮ್ಮ ಒಬ್ಬರೇ, ಅವರು ಅವತ್ತು ಕೂರುವುದಿಲ್ಲ ಎಂದು ಮುರುಗೇಶ್ ತಗ್ಗಿದ ದನಿಯಲ್ಲಿ ಹೇಳಿದರು. ಕೆಪಿ ನನ್ನ ಕಡೆ ತಿರುಗಿದರು. ನಾಚಿಕೆಯೇನಿಲ್ಲ! ನನಗೆ ಗೊತ್ತು ಎಂಬುದು ಅವರಿಗೂ ಗೊತ್ತು, ಆಯಿತು, ಮುಂದೆ.

"ನಿಮ್ಮ ಫ್ಯಾಮಿಲಿ ತಾನೆ, ಮಾತಾಡಿ ಕೂರಿಸು. ಒಂದೇ ದಿನ. ಈ ಅಮಾವಾಸ್ಯೆ ಗಿಮಾವಾಸ್ಯೆ ಮೂಢನಂಬಿಕೆ ಎಲ್ಲ ಎಷ್ಟು ದಿನ? ವಿಷನ್ ಮುಂದೆ ಇದೆಲ್ಲ ಏನು?"

ಪ್ರಕೃತಿಯ ಜೊತೆ ಉಸಿರಾಡುವ ಎಐ, ಗಾಳಿಯ ವಾಸನೆ ನೋಡುವ ತಾತ ಎಲ್ಲಿ ಹೋದರು?

"ಆ ಹೆಂಗಸರ ಹೆಸರು ಹಾಕಬಹುದಲ್ಲ ಸರ್? ಒಂದು ಸಾಲು?"

"ಭುವನಾ, ಕಾರ್ ಓಡಿಸೋನ ಹೆಸರು ನೆನಪಿರುತ್ತೆ. ಟೈರಿಗೆ ಹೆಸರಿರುತ್ತಾ?" ನಕ್ಕರು. ಮೀಟಿಂಗ್‌ಗೆಂದು ಚೆನ್ನೈಯಿಂದ ಬಂದಿದ್ದ ಅವರ ಪಾಲುದಾರರೂ ನಕ್ಕು, ಲಾಳಿಯಿಂದ ಒಂದು ಹಲ್ಲುಕಡ್ಡಿ ತೆಗೆದುಕೊಂಡು ಬಾಯಿಗಿಟ್ಟರು. ಯಾವುದೋ, ಯಾರದೋ. ನಾನು ತಡೆಯಲಿಲ್ಲ. ನೋಡುತ್ತಾ ಕೂತೆ.

ಜುಲೈ 16, ಬುಧವಾರ

ನಾಳೆ ಆಡಿಯ, ಅಂದರೆ ತಮಿಳರ ಆಷಾಢದ, ಮೊದಲ ದಿನ. ಹೊಸ ಸೊಸೆ ತಿಂಗಳೊಪ್ಪತ್ತು ತೌರಿನಲ್ಲಿರಬೇಕು. ಸಂಜೆ ಅಣ್ಣ ಕರೆದುಕೊಂಡು ಹೋಗಲು ಬರುತ್ತಾನೆ. ಮೂರು ವಾರದ ಹಿಂದೆ ಇದನ್ನು ನೆನೆದು ಅತ್ತಿದ್ದೆ. ಈಗ ಉಸಿರು ಬಂದಂತಿದೆ. ಭಾಷಣ ಅಲ್ಲಿಂದಲೇ ಬರೆದು ಕಳಿಸಬೇಕು.

ಹೊರಡುವ ಮುಂಚೆ ಮೀಟಿಂಗ್ ರೂಮಿಗೆ ಹೋದೆ. ಕಡ್ಡಿಗಳನ್ನೆಲ್ಲ ಕಸದ ಬುಟ್ಟಿಗೆ ಸುರಿದೆ. ಲಾಳಿ ಬ್ಯಾಗಿಗೆ ಹಾಕಿಕೊಂಡೆ. ಕಳ್ಳತನ. ಮನೆಗೆ ಬಂದು ಅರಿಶಿನದ ನೀರಿನಲ್ಲಿ ಮೂರು ಸಲ ತೊಳೆದೆ. ಅತ್ತೆ ಎಲ್ಲಿಯದು ಎಂದು ಕೇಳಲಿಲ್ಲ, ಒರೆಸಲು ಬಟ್ಟೆ ಕೊಟ್ಟರು.

ಜುಲೈ 19, ಶನಿವಾರ. ತೌರುಮನೆ

ದೊಡ್ಡತ್ತೆಗೆ ಫೋನ್ ಮಾಡಿದೆ. ನಾಲ್ಕು ಸಲ ಎತ್ತಲಿಲ್ಲ. ಐದನೇ ಸಲ.

"ಅವತ್ ಕೂರು ಅಂತ ಏಳಾಕ್ ಪೋನ್ ಮಾಡ್ದ್ಯಾ? ನಾಗರಾಜನ್ ಆಗ್ಲೇ ಬಂದ್ ಬೆದರ್ಸ್‌ಬಿಟ್ ಓದ." ನಾಗರಾಜನ್ ಎಂದರೆ ಹರೂರು ರೂಮಿನ ಸೂಪರ್‌ವೈಸರ್. "ಕೂರಾಕಿಲ್ಲ ಕಣಮ್ಮ. ಬೇಕಾದ್ರೆ ಕೆಲ್ಸ ತೆಗೀಲಿ."

"ಕೂರಬೇಡಿ ದೊಡ್ಡತ್ತೆ. ಸೇಲಂಗೆ ಬನ್ನಿ. ಡಬ್ಬಿ ನೋಡಬೇಕು ಅಂದಿರಲ್ಲ... ಅವತ್ತು ವೇದಿಕೆ ಮೇಲೆ ಇರುತ್ತೆ. ಮುಂದಿನ ಸಾಲಿನಲ್ಲಿ ಕೂತು ನೋಡಿ."

"ಮನುಸ್ರು ಕೂತ್ಕೊಳೋ ಸಾಲಾ?"

ಚುಚ್ಚಿದ್ದು ಬೇಕೆಂದೇ. ಚುಚ್ಚಲಿ. "ಹೌದು" ಎಂದೆ. "ಸಾರಿ" ಎಂದೆ. ಇಂಗ್ಲಿಷಿನ ಪದವೇ ಬಂತು, ಸುಟ್ಟ ಬಾಯಿಗೆ.

"ಅಳ್ಬೇಡ ಲೇ. ಎಂಗೂ ಅಮಾವಾಸ್ಯೆ, ನನ್ಗೇನ್ ಕೆಲ್ಸ. ಯೋಚ್ನೆ ಮಾಡ್ತೀನಿ."

ಜುಲೈ 20, ಭಾನುವಾರ

ಮುರುಗೇಶ್ ಬಂದಿದ್ದರು. ಆಡಿಯಲ್ಲಿ ಅಳಿಯ ಬರಬಾರದು. ಅಮ್ಮ ಒಳಗೆ ಕರೆಯದೆ ಜಗಲಿಯಲ್ಲೇ ಕಾಫಿ ಕೊಟ್ಟಳು. ನಾನು ಬಾಗಿಲ ಈಚೆ, ಅವರು ಆಚೆ. ಎಲ್ಲ ಹೇಳಿದೆ. ಮುಂದಿನ ಸಾಲು, ದೊಡ್ಡತ್ತೆ, ಭಾಷಣದ ಕೊನೆಯಲ್ಲಿ ನಾನು ಬರೆದಿರುವುದು.

"ಇಬ್ರ ಕೆಲ್ಸಾನೂ ಓಗುತ್ತೆ."

"ಹೋಗಲಿ."

"ಕಂಪನಿನೇ ಓಗ್ಬೋದು ಭುವಿ. ಅವ್ರ ಹದಿನಾಲ್ಕ್ ಜನ್ರ ಕೆಲ್ಸಾನೂ."

"ದೊಡ್ಡತ್ತೆನೇ ಹೇಳಲಿ. ಅವರನ್ನ ಕೇಳೋಣ. ಇಷ್ಟು ದಿನ ಯಾರು ಕೇಳಿದ್ದೀವಿ?"

ಲೋಟ ಕೆಳಗಿಟ್ಟು ಹೊರಟರು. ಗೇಟಿನ ಹತ್ತಿರ ನಿಂತರು. "ಗೆಸ್ಟ್ ಪಾಸ್ ಮೇಲೆ ಏನಂತ ಹಾಕ್ಸ್ಲಿ? ಹೆಸ್ರಿನ ಕೆಳ್ಗೆ ಹುದ್ದೆ ಬೇಕು."

ಮದುವೆಯಾದಾಗಿನಿಂದ ಇವರು ಕೇಳಿದ ಮೊದಲ ಒಳ್ಳೆಯ ಪ್ರಶ್ನೆ. ಓಡಿ ಹೋಗಿ ಕೈ ಹಿಡಿದುಕೊಂಡೆ, ಬೀದಿಯಲ್ಲೇ. ಅಮ್ಮ ಒಳಗಿಂದ, "ಆಡಿ, ಆಡಿ!" ಎಂದು ಕೂಗಿದಳು.

ಜುಲೈ 22, ಮಂಗಳವಾರ

ಕೆಪಿಯ ಮೆಸೇಜು: "ಮಾದಮ್ಮ ಓಕೆ?" ನಾನು: "ಗುರುವಾರ ಖಂಡಿತ ಇರುತ್ತಾರೆ ಸರ್." ಅವರು ಒಂದು ಕೆಂಪು ಹೃದಯ ಕಳಿಸಿದರು. ಎಲ್ಲಿ ಇರುತ್ತಾರೆ ಎಂದು ಕೇಳಲಿಲ್ಲ. ಕಾಣದ್ದನ್ನು ಕಾಣುವವರಲ್ಲವೇ.

ಆದರೆ ಎಲ್ಲರ ಕೆಲಸವೂ ಹೋಗಬಹುದೆಂದು ಹೇಳಿದ ಮೇಲೆ ದೊಡ್ಡತ್ತೆ ಇನ್ನೂ ಬರುತ್ತೇನೆ ಎಂದಿಲ್ಲ. ಭಾಷಣ ಮಾತ್ರ ಕಳಿಸಿದೆ. ಪ್ರಾಂಪ್ಟರ್‌ಗೆ ಹಾಕುವವರು ಮುರುಗೇಶ್. ಕೆಪಿ ಮೊದಲೇ ಓದುವುದಿಲ್ಲ. ಮನಸ್ಸಿನಿಂದ ಬಂದ ಹಾಗಿರಬೇಕಲ್ಲ! ಕೊನೆಯ ಪ್ಯಾರಾ ಹೀಗಿದೆ: "ನಮ್ಮ ಮಿಷಿನ್‌ಗೆ ಇವತ್ತು ರಜೆ, ಯಾಕೆಂದರೆ ಇವತ್ತು ಅಮಾವಾಸ್ಯೆ. ಮೂರು ವರ್ಷದಿಂದ ನಿಮ್ಮ ಬಟ್ಟೆ ಕಾಯುತ್ತಿರುವ ಕಣ್ಣುಗಳು ಈ ಮುಂದಿನ ಸಾಲಿನಲ್ಲಿ ಕೂತಿವೆ. ಮಾದಮ್ಮ ಅವರೇ, ದಯವಿಟ್ಟು ಎದ್ದು ನಿಲ್ಲಿ."

ಇಂಗ್ಲಿಷಿನಲ್ಲಿ ನಾನು ಬರೆದದ್ದರಲ್ಲೆಲ್ಲ ಇದೇ ಚೆನ್ನಾಗಿದೆ. ಬರೆಯುವಾಗ ವಾಕರಿಕೆ ಬರಲಿಲ್ಲ.

ಜುಲೈ 23, ಬುಧವಾರ. ಬೆಳಗ್ಗೆ 6.40

ಫೋನ್ ಬಂತು! ದೊಡ್ಡತ್ತೆ! ಸತ್ಯಾಳ ಫೋನಿನಿಂದ. ಹಿಂದೆ ಎಲ್ಲರೂ ಒಟ್ಟಿಗೆ ಮಾತಾಡುವ ಗಲಾಟೆ.

"ಎಲ್ರನ್ನೂ ಕೇಳ್ದೆ. ಕೆಲ್ಸ ಓದ್ರೂ ಸರಿ, ಓಗಿ ಬಾ ಅಂದ್ರು. ಯಾವ್ ಸೀರೆ ಉಟ್ಕಳ್ಲಿ?"

"ನೀವೇ ನೇಯ್ದದ್ದು."

"ಡಬ್ಬಿ ಮುಟ್ಟಾಕ್ ಬಿಡ್ತಾರಾ?"

"ನಾನು ಬಿಡ್ತೀನಿ."

ಲಾಳಿ ಒರೆಸಿ ಮೇಜಿನ ಮೇಲಿಟ್ಟಿದ್ದೇನೆ. ಪಾಸ್ ಬಂದಿದೆ. ಹೆಸರಿನ ಕೆಳಗೆ ಮುರುಗೇಶ್ ಹಾಕಿಸಿರುವುದು: ಮುಖ್ಯ ಪರೀಕ್ಷಕಿ. ಮರೆಯದ ಹಾಗೆ ಬರೆದಿಡುತ್ತೇನೆ — ನಾಳೆ, ಗುರುವಾರ, ದೊಡ್ಡತ್ತೆ ಬೊಮ್ಮಿಡಿಯಲ್ಲಿ ಹತ್ತುತ್ತಾರೆ, ಬೆಳಗಿನ ಜೋಲಾರ್‌ಪೇಟೆ–ಈರೋಡು ಪ್ಯಾಸೆಂಜರ್. ಸೇಲಂ ಸ್ಟೇಷನ್ನಿನಲ್ಲಿ ನಾನಿರುತ್ತೇನೆ.